ಟೌನ್‌ಹಾಲ್ ಮೆಟ್ಟಿಲ ಮೇಲೆ ಬೋರ್ಡ್ ಹಿಡಿದು ನಿಂತರೆ ಕೇಸ್ ಯಾಕಾಗುತ್ತದೆ?

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಾಳೆ.

"ಅಣ್ಣ, ಒಂದು ಡೌಟು. ಸ್ಕಾಲರ್‌ಶಿಪ್ ದುಡ್ಡು ಬಂದಿಲ್ಲ ಅಂತ ನಾವೊಂದು ಇಪ್ಪತ್ತು ಜನ ಟೌನ್‌ಹಾಲ್ ಮೆಟ್ಟಿಲ ಹತ್ರ ಬೋರ್ಡ್ ಹಿಡ್ಕೊಂಡು ಒಂದು ಗಂಟೆ ನಿಂತ್ಕೋಬೇಕು ಅಂತಿದೀವಿ. ಕೇಸ್ ಆಗುತ್ತಾ?"

"ರಸ್ತೆಗೆ ಇಳೀತೀರಾ?"

"ಇಲ್ಲ. ಘೋಷಣೆನೂ ಕೂಗಲ್ಲ. ಸುಮ್ನೆ ನಿಂತ್ಕೊಳ್ಳೋದು."

"ಆಗಬಹುದು" ಅಂದೆ.

ಆ ಕಡೆ ಎರಡು ಸೆಕೆಂಡ್ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಯಾಕೆ?"

ಆ "ಯಾಕೆ"ಗೆ ಫೋನಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಪ್ರತಿಭಟನೆ ಮತ್ತು ಪೊಲೀಸರ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಜಗಳ ಎರಡೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಒಬ್ಬರು "ಪ್ರತಿಭಟನೆ ನಮ್ಮ ಹಕ್ಕು" ಅನ್ನುತ್ತಾರೆ. ಇನ್ನೊಬ್ಬರು "ಆಂಬುಲೆನ್ಸ್ ಸಿಕ್ಕಿಹಾಕ್ಕೊಂಡ್ರೆ ಯಾರು ಹೊಣೆ?" ಅನ್ನುತ್ತಾರೆ. ಎರಡೂ ಸರಿಯಾದ ಮಾತೇ. ಆದರೆ ಮೆಟ್ಟಿಲ ಮೇಲೆ ಸುಮ್ಮನೆ ನಿಲ್ಲುವ ಇಪ್ಪತ್ತು ಹುಡುಗಿಯರಿಗೂ ಆಂಬುಲೆನ್ಸ್‌ಗೂ ಏನು ಸಂಬಂಧ ಅನ್ನುವುದಕ್ಕೆ ಈ ಎರಡರಲ್ಲೂ ಉತ್ತರವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ, ಕಾನೂನು ಏನು ಹೇಳುತ್ತದೆ, ಬೆಂಗಳೂರಿನಲ್ಲಿ ಏನು ನಡೆಯುತ್ತಿದೆ ಅಂತ ಬಿಡಿಸಿ ನೋಡೋಣ.

ಎರಡು ಬೇರೆ ಬೇರೆ ಕೆಲಸಗಳು

ಮೊದಲು ನಾವು ಒಂದೇ ಮೂಟೆಗೆ ಕಟ್ಟುವ ಎರಡು ವಿಷಯಗಳನ್ನು ಬೇರೆ ಮಾಡಬೇಕು.

ಒಂದು, ಸಭೆ ಸೇರುವುದು. ಜನ ಒಂದು ಕಡೆ ಶಾಂತಿಯಿಂದ ಸೇರಿ ತಮ್ಮ ಮಾತು ಹೇಳುವುದು. ಇದರಲ್ಲಿ ಕಾನೂನು ಮುರಿಯುವ ಪ್ರಶ್ನೆಯೇ ಇಲ್ಲ. ಇದು ಸಂವಿಧಾನ ಕೊಟ್ಟಿರುವ ಹಕ್ಕು.

ಇನ್ನೊಂದು, ಸವಿನಯ ಕಾನೂನುಭಂಗ. ಕಾನೂನು ಇದೆ ಅಂತ ಗೊತ್ತಿದ್ದೂ, ಅದು ಅನ್ಯಾಯ ಅನ್ನಿಸಿ, ಬಹಿರಂಗವಾಗಿ ಮುರಿದು, ಅದಕ್ಕೆ ಬರುವ ಶಿಕ್ಷೆಗೆ ತಲೆಕೊಡುವುದು. 1930ರ ಏಪ್ರಿಲ್‌ನಲ್ಲಿ ಅಂಕೋಲಾದಲ್ಲಿ ಉಪ್ಪು ಮಾಡಿದವರು ಇದನ್ನೇ ಮಾಡಿದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗುಂಪುಗುಂಪಾಗಿ ಜೈಲಿಗೆ ಹೋದದ್ದೂ ಇದೇ ದಾರಿಯಲ್ಲಿ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೆ ಒಳಗಾದರು. ಅವರಲ್ಲಿ ಯಾರೂ "ನಮ್ಮನ್ನು ಯಾಕೆ ಹಿಡಿದಿರಿ" ಎಂದು ಆಶ್ಚರ್ಯಪಡಲಿಲ್ಲ. ಹಿಡಿಯುತ್ತಾರೆ ಅಂತ ಗೊತ್ತಿದ್ದೇ ಹೋಗಿದ್ದರು. ಹಿಡಿಸಿಕೊಳ್ಳುವುದು ಅವರ ಚಳವಳಿಯ ಭಾಗವೇ ಆಗಿತ್ತು.

ಇದರ ಬಗ್ಗೆ ಎಚ್ಚರಿಕೆ ಹೇಳಿದವರು ಬೇರೆ ಯಾರೂ ಅಲ್ಲ, ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಅವರು, ಸ್ವತಂತ್ರ ಭಾರತದಲ್ಲಿ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂಬರ್ಥದ ಮಾತು ಹೇಳಿದರು. ಪ್ರತಿಭಟನೆ ಬೇಡ ಅನ್ನುವವರು ಈ ಮಾತನ್ನು ಪದೇ ಪದೇ ಎತ್ತುತ್ತಾರೆ. ಅವರು ಬಿಟ್ಟುಬಿಡುವ ಅರ್ಧವೊಂದಿದೆ. ಸಂವಿಧಾನಾತ್ಮಕ ದಾರಿಗಳು ತೆರೆದಿರುವಾಗ ಇವು ಬೇಡ ಎಂಬುದು ಅಂಬೇಡ್ಕರ್ ವಾದ. ದಾರಿಯೇ ಇಲ್ಲದಿದ್ದಾಗ ಬೇರೆ ಮಾತು ಅನ್ನುವುದನ್ನೂ ಅವರೇ ಒಪ್ಪಿದ್ದರು. 1927ರಲ್ಲಿ ಮಹಾಡದ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋದವರೂ ಅವರೇ.

ಶಾಂತಿಯಿಂದ ಸಭೆ ಸೇರುವುದು ಅಂಥ ತೆರೆದ ದಾರಿಗಳಲ್ಲಿ ಒಂದು. ಅದನ್ನೇ ಮುಚ್ಚಿಬಿಟ್ಟರೆ ಅಂಬೇಡ್ಕರ್ ಮಾತನ್ನು ಪ್ರತಿಭಟನಾಕಾರರ ಮೇಲೆ ಬಳಸುವ ನೈತಿಕತೆ ಆಳುವವರಿಗೆ ಉಳಿಯುತ್ತದಾ? ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಬೆಂಗಳೂರಿನ ಇವತ್ತಿನ ನಿಯಮಗಳು ಮೊದಲನೇ ಕೆಲಸ ಮಾಡಲು ಹೊರಟವರನ್ನೆಲ್ಲ ಎರಡನೇ ಸಾಲಿಗೆ ತಳ್ಳುತ್ತಿವೆ. ಕಾನೂನು ಮುರಿಯುವ ಉದ್ದೇಶವೇ ಇಲ್ಲದ ನನ್ನ ತಂಗಿಯನ್ನು ಕಾನೂನುಭಂಗ ಮಾಡಿದವಳು ಅಂತ ಮಾಡುತ್ತಿವೆ.

ಸಂವಿಧಾನದ ಡೀಫಾಲ್ಟ್ ಸೆಟ್ಟಿಂಗ್

ನಾನು ಇಂಜಿನಿಯರಿಂಗ್ ಓದಿದವನು. ಪತ್ರಿಕೋದ್ಯಮಕ್ಕೆ ಬರುವ ಮೊದಲು ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೆ. ಫೈರ್‌ವಾಲ್ ಹಾಕುವಾಗ ಮೊದಲು ಒಂದು ತೀರ್ಮಾನ ಮಾಡಬೇಕು: ಡೀಫಾಲ್ಟ್ ಅಲೋ, ಅಥವಾ ಡೀಫಾಲ್ಟ್ ಡಿನೈ. ಮೊದಲನೆಯದರಲ್ಲಿ ಎಲ್ಲವನ್ನೂ ಒಳಬಿಟ್ಟು, ಅಪಾಯ ಅನ್ನಿಸಿದ್ದನ್ನು ಮಾತ್ರ ತಡೆಯುತ್ತೀರಿ. ಎರಡನೆಯದರಲ್ಲಿ ಎಲ್ಲವನ್ನೂ ತಡೆದು, ಒಪ್ಪಿಗೆಯಾದದ್ದಕ್ಕೆ ಮಾತ್ರ ಒಂದೊಂದು ಪೋರ್ಟ್ ತೆರೆಯುತ್ತೀರಿ. ಉಪಕರಣ ಒಂದೇ ಆದರೂ ಫಲಿತಾಂಶ ಪೂರ್ತಿ ಉಲ್ಟಾ.

ಸಂವಿಧಾನದ 19(1)(ಎ) ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(1)(ಬಿ) ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು ಕೊಡುತ್ತದೆ. 19(3)ರ ಪ್ರಕಾರ ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು. ಅಂದರೆ ಡೀಫಾಲ್ಟ್ ಅಲೋ. ತಡೆಯಬೇಕಾದರೆ ಕಾರಣ ಕೊಡಬೇಕಾದವರು ಪೊಲೀಸರು.

ಅನುಮತಿ ಕೇಳಲೇಬೇಕಾ ಅನ್ನುವ ಪ್ರಶ್ನೆ 1972ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಂತು, ಹಿಮ್ಮತ್‌ಲಾಲ್ ಶಾ ಮತ್ತು ಅಹಮದಾಬಾದ್ ಪೊಲೀಸ್ ಕಮಿಷನರ್ ನಡುವಿನ ಪ್ರಕರಣದಲ್ಲಿ. ಸಾರ್ವಜನಿಕ ರಸ್ತೆಯಲ್ಲಿ ಸಭೆಗೆ ಪೊಲೀಸ್ ಅನುಮತಿ ಬೇಕು ಎಂಬ ನಿಯಮ ಅಲ್ಲಿತ್ತು. ಯಾವ ಆಧಾರದ ಮೇಲೆ ಕೊಡಬೇಕು, ಯಾವ ಆಧಾರದ ಮೇಲೆ ನಿರಾಕರಿಸಬೇಕು ಅಂತ ಏನೂ ಇರಲಿಲ್ಲ. ಕೋರ್ಟ್ ಅದನ್ನು ರದ್ದು ಮಾಡಿತು. ಸಭೆಯನ್ನು ನಿಯಂತ್ರಿಸಬಹುದು, ಆದರೆ ಎಲ್ಲ ಸಾರ್ವಜನಿಕ ಜಾಗಗಳಲ್ಲೂ ನಿಷೇಧಿಸಿ ಹಕ್ಕನ್ನೇ ಇಲ್ಲವಾಗಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಇದರ ಜೊತೆ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕೋಣ. "ಐದು ಜನ ಸೇರಿದರೆ ಅಕ್ರಮ ಕೂಟ" ಅನ್ನುವ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತದೆ. ಅದು ಅರ್ಧ ಮಾತ್ರ ನಿಜ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 189ರ ಪ್ರಕಾರ ಐದು ಅಥವಾ ಹೆಚ್ಚು ಜನರಿಗೆ ಕಾನೂನು ಹೆಸರಿಸಿದ ಒಂದು ಸಮಾನ ಉದ್ದೇಶ ಇರಬೇಕು: ಬಲಪ್ರಯೋಗದಿಂದ ಹೆದರಿಸುವುದು, ಕಾನೂನು ಜಾರಿಗೆ ಅಡ್ಡಿಪಡಿಸುವುದು, ಅಪರಾಧ ಎಸಗುವುದು, ಇಂಥವು. ಐದು ಜನ ಅನ್ನುವುದು ಲೆಕ್ಕ ಮಾತ್ರ. ಅಪರಾಧ ಇರುವುದು ಉದ್ದೇಶದಲ್ಲಿ.

2019ರ ಡಿಸೆಂಬರ್

ಡೀಫಾಲ್ಟ್ ಬದಲಾಯಿಸುವ ಒಂದು ಬಟನ್ ಪೊಲೀಸರ ಕೈಯಲ್ಲಿದೆ. ಹಳೆಯ ಹೆಸರು ಸೆಕ್ಷನ್ 144. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ತುರ್ತು ಅಪಾಯ ಇದ್ದಾಗ ಹೊರಡಿಸುವ ನಿಷೇಧಾಜ್ಞೆ ಇದು. ಹೆಚ್ಚೆಂದರೆ ಎರಡು ತಿಂಗಳು ಇರಬಹುದು. ರಾಜ್ಯ ಸರ್ಕಾರ ಮಧ್ಯೆ ಬಂದರೆ ಇನ್ನೂ ಆರು ತಿಂಗಳು.

ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ದೇಶದಾದ್ಯಂತ ಪ್ರತಿಭಟನೆ ನಡೆಯುತ್ತಿದ್ದಾಗ, 2019ರ ಡಿಸೆಂಬರ್ 18ರಂದು ಬೆಂಗಳೂರು ಪೊಲೀಸ್ ಕಮಿಷನರ್ ಈ ಬಟನ್ ಒತ್ತಿದರು. 19ರ ಬೆಳಿಗ್ಗೆ 6ರಿಂದ 21ರ ಮಧ್ಯರಾತ್ರಿವರೆಗೆ ನಗರದಲ್ಲೆಲ್ಲ ನಿಷೇಧಾಜ್ಞೆ. ಅಷ್ಟರಲ್ಲಾಗಲೇ ಕೆಲವು ಪ್ರತಿಭಟನೆಗಳಿಗೆ ಪೊಲೀಸರೇ ಅನುಮತಿ ಕೊಟ್ಟಿದ್ದರು. ಅದೂ ಹೋಯಿತು. 19ರಂದು ಟೌನ್‌ಹಾಲ್ ಮುಂದೆ ಬಂದವರನ್ನು ಬಂದಬಂದಂತೆ ವಶಕ್ಕೆ ಪಡೆದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದೊಯ್ದ ದೃಶ್ಯ ನೀವು ನೋಡಿರುತ್ತೀರಿ. ಅದೇ ದಿನ ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತರು.

ಮರುದಿನವೇ ವಿಷಯ ಹೈಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಆಗಿನ ಜಯನಗರ ಶಾಸಕಿ ಸೌಮ್ಯಾ ರೆಡ್ಡಿ, ರಾಜ್ಯಸಭಾ ಸದಸ್ಯ ರಾಜೀವ್ ಗೌಡ ಇದ್ದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಸರ್ಕಾರಕ್ಕೆ ಕೇಳಿದ್ದು ತೀರಾ ಸರಳವಾದ ಪ್ರಶ್ನೆ: ಪ್ರತಿ ಪ್ರತಿಭಟನೆಯೂ ಹಿಂಸೆಗೆ ತಿರುಗುತ್ತದೆ ಅಂತ ಮೊದಲೇ ಊಹಿಸಿ ಎಲ್ಲವನ್ನೂ ನಿಷೇಧಿಸುತ್ತೀರಾ? 2020ರ ಫೆಬ್ರವರಿ 13ರಂದು ಆ ನಿಷೇಧಾಜ್ಞೆ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದು ತೀರ್ಪು ಬಂತು. ಡಿಸಿಪಿಗಳ ಪತ್ರಗಳನ್ನು ಆಧಾರವಾಗಿಟ್ಟುಕೊಂಡು, ತಮ್ಮದೇ ಕಾರಣ ದಾಖಲಿಸದೆ ಆದೇಶ ಹೊರಡಿಸಿದ್ದೇ ಅದರ ದೋಷ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜನರ ನ್ಯಾಯಬದ್ಧ ಅಭಿಪ್ರಾಯ ಮತ್ತು ಅಹವಾಲನ್ನು ಹತ್ತಿಕ್ಕಲು 144 ಬಳಸುವಂತಿಲ್ಲ ಎಂದಿತ್ತು.

ಗೆದ್ದೆವಾ? ಕಾಗದದ ಮೇಲೆ ಗೆದ್ದೆವು. ಆದರೆ ತೀರ್ಪು ಬರುವಾಗ ನಿಷೇಧಾಜ್ಞೆ ಮುಗಿದು 54 ದಿನ ಆಗಿತ್ತು. ಮೂರು ದಿನದ ಆದೇಶ ತನ್ನ ಕೆಲಸ ಮಾಡಿ ಮುಗಿಸಿತ್ತು. ಇದು ನಿಷೇಧಾಜ್ಞೆಯ ದೊಡ್ಡ ಸಮಸ್ಯೆ: ಅದು ತಪ್ಪು ಅಂತ ಸಾಬೀತಾಗುವಷ್ಟರಲ್ಲಿ ಪ್ರತಿಭಟನೆಯ ಕಾಲವೇ ಕಳೆದಿರುತ್ತದೆ. ಕಾರಣವಿಲ್ಲದೆ ಆದೇಶ ಹೊರಡಿಸಿದ ಅಧಿಕಾರಿಗೆ ಇದರಿಂದ ಏನೂ ನಷ್ಟವಿಲ್ಲ.

ಒಂದೇ ಪೋರ್ಟ್ ಓಪನ್

ನಿಷೇಧಾಜ್ಞೆಗಾದರೂ ಒಂದು ಕೊನೆಯ ದಿನಾಂಕ ಇರುತ್ತದೆ. ಈಗ ಬೆಂಗಳೂರಿನಲ್ಲಿರುವ ನಿಯಮಕ್ಕೆ ಅದೂ ಇಲ್ಲ.

2021ರ ಮಾರ್ಚ್‌ನಲ್ಲಿ ಒಂದು ದೊಡ್ಡ ಮೆರವಣಿಗೆಯಿಂದ ನಗರದ ಮಧ್ಯಭಾಗದಲ್ಲಿ ಟ್ರಾಫಿಕ್ ಕಟ್ಟಿಕೊಂಡಿತು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡಿತು. ಅದರ ಮುಂದುವರಿಕೆಯಾಗಿ ಬೆಂಗಳೂರು ನಗರದ ಪ್ರತಿಭಟನೆ, ಧರಣಿ, ಮೆರವಣಿಗೆಗಳ ಪರವಾನಗಿ ಮತ್ತು ನಿಯಂತ್ರಣಕ್ಕೆ 2021ರ ಪೊಲೀಸ್ ಆದೇಶ ಬಂತು. ಅದರ ತಿರುಳು ಇಷ್ಟೇ: ಪ್ರತಿಭಟನೆ ಮಾಡುವುದಾದರೆ ಫ್ರೀಡಂ ಪಾರ್ಕಿನಲ್ಲಿ, ಅದೂ ಅನುಮತಿ ಪಡೆದು. ಈ ಆದೇಶವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ಹೈಕೋರ್ಟೂ ಹೇಳಿತು. ಟೌನ್‌ಹಾಲ್, ಮೈಸೂರು ಬ್ಯಾಂಕ್ ವೃತ್ತ, ನಿಮ್ಮ ಏರಿಯಾದ ವಾರ್ಡ್ ಆಫೀಸ್ ಮುಂದಿನ ಮರದ ನೆರಳು, ಎಲ್ಲ ಬಂದ್.

ಫೈರ್‌ವಾಲ್ ಭಾಷೆಯಲ್ಲಿ ಹೇಳುವುದಾದರೆ, ಡೀಫಾಲ್ಟ್ ಡಿನೈ, ಒಂದೇ ಪೋರ್ಟ್ ಓಪನ್.

ಇದಕ್ಕೆ ಕಾನೂನಿನ ಬೆಂಬಲ ಇಲ್ಲವೇ ಇಲ್ಲ ಅಂತ ಹೇಳಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. 2020ರ ಅಕ್ಟೋಬರ್ 7ರಂದು ಶಾಹೀನ್‌ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗಗಳಲ್ಲೇ ನಡೆಯಬೇಕು ಎಂದಿತು. ಆದರೆ ಅದೇ ಸುಪ್ರೀಂ ಕೋರ್ಟ್ 2018ರಲ್ಲಿ, ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಗಳ ಪೂರ್ತಿ ನಿಷೇಧವನ್ನು ಒಪ್ಪಲಿಲ್ಲ. ನಿವಾಸಿಗಳ ಹಕ್ಕು, ಪ್ರತಿಭಟನಾಕಾರರ ಹಕ್ಕು ಎರಡನ್ನೂ ತೂಗಿ ಮಾರ್ಗಸೂಚಿ ಮಾಡಿ ಎಂದು ಪೊಲೀಸರಿಗೆ ಹೇಳಿತು. 1972ರ ಐವರು ನ್ಯಾಯಮೂರ್ತಿಗಳ ತೀರ್ಪಂತೂ ಇನ್ನೂ ಹಾಗೇ ನಿಂತಿದೆ. ಕಾನೂನು ಇಲ್ಲಿ ತನ್ನೊಳಗೇ ಜಗಳ ಆಡುತ್ತಿದೆ. ತಿಂಗಳುಗಟ್ಟಲೆ ರಸ್ತೆ ಹಿಡಿದು ಕೂರುವುದು ಒಂದು ತುದಿ. ಒಂದು ಗಂಟೆ ಮೆಟ್ಟಿಲ ಮೇಲೆ ನಿಲ್ಲುವುದು ಇನ್ನೊಂದು ತುದಿ. ಮೊದಲನೆಯದಕ್ಕಾಗಿ ಬಂದ ಮದ್ದನ್ನು ಎರಡನೆಯದಕ್ಕೂ ಕುಡಿಸುವುದು ನನ್ನ ತಕರಾರು.

ಫ್ರೀಡಂ ಪಾರ್ಕ್ ಎಂಥ ಜಾಗ ಅಂತ ನೆನಪಿಸಿಕೊಳ್ಳಿ. ಅದು ಹಳೆಯ ಸೆಂಟ್ರಲ್ ಜೈಲು. 2008ರಲ್ಲಿ ಉದ್ಯಾನವಾಯಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ನಮ್ಮ ಸ್ನೇಹಲತಾ ರೆಡ್ಡಿ ಇದೇ ಗೋಡೆಗಳ ಒಳಗಿದ್ದರು. ಆಗ ಮಾತಾಡಿದ್ದಕ್ಕೆ ಒಳಗೆ ಹಾಕುತ್ತಿದ್ದ ಜಾಗದಲ್ಲೇ ಈಗ ಮಾತಾಡಬೇಕೆಂದರೆ ಒಳಗೆ ಹೋಗಿ ಅನ್ನುತ್ತಿದ್ದಾರೆ.

ಟ್ರಾಫಿಕ್ ವಾದ ಸುಳ್ಳಲ್ಲ

ಇನ್ನೊಂದು ಕಡೆಯವರ ಮಾತನ್ನೂ ಅದರ ಪೂರ್ತಿ ತೂಕದಲ್ಲಿ ಕೇಳಬೇಕು. ನೋಂದಾಯಿತ ವಾಹನಗಳೇ 1 ಕೋಟಿ ದಾಟಿರುವ ಊರು ಇದು. ಮೆಜೆಸ್ಟಿಕ್ ಹತ್ತಿರ ಒಂದು ರಸ್ತೆ ಅರ್ಧ ಗಂಟೆ ನಿಂತರೆ ನಾಲ್ಕು ಕಡೆ ಬಿಸಿ ತಟ್ಟುತ್ತದೆ. ದಿನಗೂಲಿಯವರು ಕೆಲಸಕ್ಕೆ ಲೇಟಾದರೆ ಕೂಲಿ ಹೋಗುತ್ತದೆ. ಆಟೋ ಓಡಿಸುವವರ ಗ್ಯಾಸ್ ಸುಮ್ಮನೆ ಉರಿಯುತ್ತದೆ. ಇವರೂ ದುಡಿಯುವ ಜನರೇ. ಅವರ ಸಿಟ್ಟನ್ನು "ಮಧ್ಯಮವರ್ಗದ ಅಸಹನೆ" ಅಂತ ತಳ್ಳಿಹಾಕುವುದು ಸೋಮಾರಿತನ. ಇಡೀ ದಿನ ಬಿಸಿಲಲ್ಲಿ ಬ್ಯಾರಿಕೇಡ್ ಹಿಡಿದು ನಿಲ್ಲುವ ಕಾನ್‌ಸ್ಟೇಬಲ್ಲೂ ಮೇಲಿನವರ ಆದೇಶ ಮತ್ತು ಕೆಳಗಿನವರ ಸಿಟ್ಟಿನ ಮಧ್ಯೆ ಸಿಕ್ಕಿಕೊಂಡವರೇ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಷಯಕ್ಕೆ ಬಸ್ಸುಗಳು ಸಾಲಾಗಿ ಉರಿದದ್ದನ್ನು ಕಂಡ ಊರಿಗೆ ಗುಂಪಿನ ಭಯ ಇರುವುದು ಸಹಜ.

ಅದೇ ವರ್ಷದ ಇನ್ನೊಂದು ಘಟನೆ ನನಗೆ ಇವತ್ತಿಗೂ ಸುಲಭವಾಗಿ ಜೀರ್ಣವಾಗಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಫ್ಯಾಕ್ಟರಿ ಬಿಟ್ಟು ರಸ್ತೆಗೆ ಬಂದರು. ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಅವರನ್ನು ಕೆರಳಿಸಿತ್ತು. ಯಾವ ಪಕ್ಷವೂ ಕರೆದಿರಲಿಲ್ಲ, ಯಾವ ದೊಡ್ಡ ಯೂನಿಯನ್ನೂ ಕರೆದಿರಲಿಲ್ಲ. ಹೊಸೂರು ರಸ್ತೆ ಬಂದ್ ಆಯಿತು. ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು, ಕಲ್ಲುಗಳು ಬಿದ್ದವು, ಬಸ್ಸುಗಳು ಉರಿದವು. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಕಾರ್ಮಿಕರಿಗೆ ಅದರ ಲಾಭ ಸಿಕ್ಕಿತು.

ಬಸ್ಸಿಗೆ ಬೆಂಕಿ ಹಚ್ಚಿದ್ದು ಅಪರಾಧ. ಅದನ್ನು ಸಮರ್ಥಿಸುವುದಿಲ್ಲ. ಆದರೆ ಆ ಹೆಣ್ಣುಮಕ್ಕಳು ಯಾರ ಹತ್ತಿರ, ಯಾವ ಫಾರ್ಮ್‌ನಲ್ಲಿ ಅನುಮತಿ ಕೇಳಬೇಕಿತ್ತು? ಮಧ್ಯಾಹ್ನದ ಊಟದ ಬಿಡುವು ಅರ್ಧ ಗಂಟೆ ಇರುವ ಫ್ಯಾಕ್ಟರಿಯಿಂದ ಫ್ರೀಡಂ ಪಾರ್ಕಿಗೆ ಹೋಗಿ ಬರುವುದು ಹೇಗೆ? ಸಿಟ್ಟು ಹುಟ್ಟಿದ ಜಾಗದಲ್ಲಿ, ಹುಟ್ಟಿದ ಹೊತ್ತಿನಲ್ಲಿ ಅದನ್ನು ಹೇಳಿಕೊಳ್ಳಲು ಒಂದು ಸುರಕ್ಷಿತ ದಾರಿ ಇದ್ದಿದ್ದರೆ ಕಲ್ಲು, ಬೆಂಕಿಯ ಮಟ್ಟಕ್ಕೆ ಹೋಗುತ್ತಿತ್ತಾ? ಸ್ಥಳೀಯವಾಗಿ ಹೇಳಿಕೊಳ್ಳಲು ಜಾಗ ಕೊಟ್ಟರೆ ಪೊಲೀಸರ ಕೆಲಸ ಹಗುರವಾಗುತ್ತದೆ ಅಂತ ನನ್ನ ನಂಬಿಕೆ.

ಟ್ರಾಫಿಕ್ ಮತ್ತು ಸುರಕ್ಷತೆಯ ವಾದ ಎಲ್ಲರ ಮೇಲೂ ಒಂದೇ ಥರ ಬೀಳುತ್ತದಾ ಅನ್ನುವುದೂ ನೋಡಬೇಕು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಲಕ್ಷಾಂತರ ಜನ ಸೇರಿದರು. 11 ಜನ ಕಾಲ್ತುಳಿತದಲ್ಲಿ ಸತ್ತರು. ನಿಯಮದ ಪ್ರಕಾರ ಅನುಮತಿಯನ್ನೇ ಕೇಳಿರಲಿಲ್ಲ ಎಂದು ಸರ್ಕಾರವೇ ಆಮೇಲೆ ಹೈಕೋರ್ಟಿಗೆ ಹೇಳಿತು. ಇಪ್ಪತ್ತು ಬೋರ್ಡ್‌ಗಳಿಗೆ ಸಿಗುವ ಪೊಲೀಸ್ ಎಚ್ಚರಿಕೆಯ ಸ್ವಲ್ಪ ಭಾಗ ಆವತ್ತು ಅಲ್ಲಿಗೆ ಹೋಗಿದ್ದರೆ ಅನ್ನಿಸದೇ ಇರದು.

ನಮ್ಮವರು, ಅವರವರು

ಈಗ ಓದುತ್ತಿರುವ ನಿಮಗೂ, ಬರೆಯುತ್ತಿರುವ ನನಗೂ ಸ್ವಲ್ಪ ಕಿರಿಕಿರಿ ಆಗುವ ಭಾಗ.

2022ರ ಏಪ್ರಿಲ್‌ನಲ್ಲಿ ಗುತ್ತಿಗೆದಾರರೊಬ್ಬರ ಸಾವಿನ ವಿಷಯದಲ್ಲಿ ಆಗಿನ ಸಚಿವ ಈಶ್ವರಪ್ಪ ಅವರ ಬಂಧನಕ್ಕೆ ಒತ್ತಾಯಿಸಿ ಕಾಂಗ್ರೆಸ್ ನಾಯಕರು ಆಗಿನ ಮುಖ್ಯಮಂತ್ರಿಯ ಮನೆಯತ್ತ ಮೆರವಣಿಗೆ ಹೊರಟರು. ರಸ್ತೆ ತಡೆದ ಕೇಸ್ ಬಿತ್ತು. ಆ ಕೇಸ್ ರದ್ದು ಮಾಡಿ ಎಂದು ಹೋದಾಗ, 2024ರ ಫೆಬ್ರವರಿ 6ರಂದು ಹೈಕೋರ್ಟ್ ಒಪ್ಪದೆ, ತಲಾ 10,000 ರೂಪಾಯಿ ದಂಡ ಹಾಕಿತು. ದಂಡ ಬಿದ್ದವರಲ್ಲಿ ಸಿದ್ದರಾಮಯ್ಯ ಒಬ್ಬರು. ಅಷ್ಟು ಹೊತ್ತಿಗೆ ಅವರು ಮುಖ್ಯಮಂತ್ರಿ. ಆಮೇಲೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಿರೋಧಪಕ್ಷದಲ್ಲಿದ್ದಾಗ ಈ ನಿಯಮದ ಏಟು ತಿಂದವರು ಅಧಿಕಾರಕ್ಕೆ ಬಂದ ಮೇಲೆ ಅದನ್ನು ಬದಲಾಯಿಸುತ್ತಾರೆ ಅಂದುಕೊಂಡಿದ್ದವರಲ್ಲಿ ನಾನೂ ಒಬ್ಬ. 2025ರ ಜೂನ್ 25ರಂದು, ಭೂಸ್ವಾಧೀನದ ವಿರುದ್ಧ ಮೂರು ವರ್ಷಗಳಿಂದ ಧರಣಿ ಕೂತಿದ್ದ ಚನ್ನರಾಯಪಟ್ಟಣ ಹೋಬಳಿಯ ರೈತರು ಮತ್ತು ಅವರ ಬೆಂಬಲಿಗರನ್ನು ದೇವನಹಳ್ಳಿಯಲ್ಲಿ ಪೊಲೀಸರು ವಶಕ್ಕೆ ಪಡೆದರು. ಸರ್ಕಾರ ಅದೇ ಸಿದ್ದರಾಮಯ್ಯ ಅವರದು. ರೈತರು ಆಮೇಲೆ ಫ್ರೀಡಂ ಪಾರ್ಕಿಗೆ ಬಂದು ಕೂತರು. ಜುಲೈ 15ರಂದು 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಘೋಷಿಸಿದರು.

"ನೋಡಿ, ಫ್ರೀಡಂ ಪಾರ್ಕಿನಲ್ಲೇ ಕೂತು ಗೆದ್ದರಲ್ಲ" ಅಂತ ಒಬ್ಬ ಹಿರಿಯ ಅಧಿಕಾರಿ ನನಗೆ ಹೇಳಿದರು. ನನ್ನ ಓದು ಬೇರೆ. ಮೂರು ವರ್ಷ ತಮ್ಮ ಊರಲ್ಲೇ ಕೂತಿದ್ದವರ ತಾಳ್ಮೆ, ಜೊತೆಗೆ ಜೂನ್ 25ರ ಆ ದೃಶ್ಯಗಳು ರಾಜ್ಯವನ್ನು ಅಲುಗಾಡಿಸಿದ್ದು, ಇವಿಲ್ಲದೆ ಪಾರ್ಕಿನ ಧರಣಿಗೆ ಆ ಬಲ ಬರುತ್ತಿರಲಿಲ್ಲ.

ಪಕ್ಷಗಳ ದ್ವಂದ್ವ ನಮಗೆ ಸುಲಭವಾಗಿ ಕಾಣುತ್ತದೆ. ನಮ್ಮದು? ನಮಗಾಗದ ಗುಂಪಿನವರನ್ನು ಪೊಲೀಸರು ವ್ಯಾನಿಗೆ ತುಂಬಿದಾಗ "ಒಳ್ಳೇದಾಯ್ತು" ಅಂತ ಪೋಸ್ಟ್ ಹಾಕಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? 2011ರ ಜೂನ್‌ನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಬಾಬಾ ರಾಮದೇವ್ ಬೆಂಬಲಿಗರ ಮೇಲೆ ಪೊಲೀಸರು ಮಧ್ಯರಾತ್ರಿ ನುಗ್ಗಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಂಡಿಸಿ ಕೊಟ್ಟ ತೀರ್ಪು, 144ರ ದುರ್ಬಳಕೆ ವಿರುದ್ಧ ಇವತ್ತು ಎಲ್ಲ ಬಣದ ವಕೀಲರೂ ಹಿಡಿದುಕೊಂಡು ಹೋಗುವ ಆಯುಧ. 2019ರ ಬೆಂಗಳೂರು ಪ್ರಕರಣದಲ್ಲೂ ಅದು ಕೆಲಸಕ್ಕೆ ಬಂತು. ರಾಮದೇವ್ ಬೆಂಬಲಿಗರಿಗೆ ಸಿಕ್ಕ ರಕ್ಷಣೆ ಸಿಎಎ ವಿರೋಧಿಗಳನ್ನು ಕಾಯಿತು.

ಕೇಸ್ ಆದರೆ ಏನು?

ತಂಗಿಯ ಅಪ್ಪ, ನನ್ನ ಚಿಕ್ಕಪ್ಪ, ಮರುದಿನ ಫೋನ್ ಮಾಡಿದ್ದರು. ಅವರ ಭಯ ಒಂದೇ: "ಪಾಸ್‌ಪೋರ್ಟ್, ಗೌರ್ಮೆಂಟ್ ಕೆಲಸ ಎಲ್ಲ ಹೋಗುತ್ತಲ್ಲಪ್ಪಾ." ಪ್ರತಿಭಟನೆಯನ್ನು ನಿಜವಾಗಿ ತಡೆಯುವುದು ಲಾಠಿಗಿಂತ ಹೆಚ್ಚಾಗಿ ಈ ಭಯ. ಅದಕ್ಕೆ ಕೆಲವು ವಿಷಯ ಸ್ಪಷ್ಟವಾಗಿ ಗೊತ್ತಿರಲಿ.

ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಸಂಜೆ ಬಿಡುವುದು ಸಾಮಾನ್ಯವಾಗಿ ಮುನ್ನೆಚ್ಚರಿಕೆಯ ಬಂಧನ. ಬಿಎನ್‌ಎಸ್‌ಎಸ್ ಸೆಕ್ಷನ್ 170ರ ಪ್ರಕಾರ ಅದು 24 ಗಂಟೆ ಮೀರುವಂತಿಲ್ಲ. ಬಂಧನದ ಕಾರಣ ತಿಳಿಯುವುದು, ಮನೆಯವರಿಗೆ ತಿಳಿಸುವುದು, ವಕೀಲರನ್ನು ಕಾಣುವುದು ನಿಮ್ಮ ಹಕ್ಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ.

ಆದೇಶ ಮೀರಿದ್ದಕ್ಕೆ ಹಾಕುವ ಸೆಕ್ಷನ್ ಬಿಎನ್‌ಎಸ್ 223, ಹಳೆಯ ಐಪಿಸಿ 188. ಪೊಲೀಸರ ಎಫ್‌ಐಆರ್ ಒಂದನ್ನೇ ನಂಬಿ ಕೋರ್ಟ್ ಇದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡಬೇಕು. ಈ ಒಂದೇ ಕಾರಣಕ್ಕೆ ಇಂಥ ಎಷ್ಟೋ ಕೇಸುಗಳು ಹೈಕೋರ್ಟುಗಳಲ್ಲಿ ಬಿದ್ದುಹೋಗಿವೆ.

ಪಾಸ್‌ಪೋರ್ಟ್ ವಿಷಯದಲ್ಲಿ, ಬರೀ ಎಫ್‌ಐಆರ್ ಇದ್ದರೆ ಅಥವಾ ತನಿಖೆ ನಡೆಯುತ್ತಿದ್ದರೆ ಅದು "ಬಾಕಿ ಇರುವ ಕ್ರಿಮಿನಲ್ ಪ್ರಕರಣ" ಆಗುವುದಿಲ್ಲ. ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಂಡ ಮೇಲೆ ಮಾತ್ರ ತೊಂದರೆ. ವಿದೇಶಾಂಗ ಸಚಿವಾಲಯವೇ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹಾಗಂತ ಎಲ್ಲ ಸಲೀಸು ಅಂತಲ್ಲ. ಕೇಸ್ ಕೊನೆಗೆ ಬಿದ್ದುಹೋದರೂ, ಅದು ಬೀಳುವವರೆಗೆ ವಕೀಲರ ಫೀಸು, ಸ್ಟೇಷನ್ ಅಲೆದಾಟ, ಮನೆಯವರ ನಿದ್ದೆ ನಿಮ್ಮದೇ ಖರ್ಚು. ತೀರ್ಪಿಗಿಂತ ಪ್ರಕ್ರಿಯೆಯೇ ಶಿಕ್ಷೆ ಆಗುವುದು ಹೀಗೆ.

ಹಾಗಾದರೆ ಏನು ಮಾಡಬಹುದು?

ಡೀಫಾಲ್ಟನ್ನು ವಾಪಸ್ ತಿರುಗಿಸಲು ಕ್ರಾಂತಿ ಬೇಡ, ನಾಲ್ಕು ನಿಯಮ ಸಾಕು ಅಂತ ನನಗನ್ನಿಸುತ್ತದೆ. ಒಂದು, ರಸ್ತೆ ತಡೆಯದ ಸಣ್ಣ ಗುಂಪುಗಳಿಗೆ ಅನುಮತಿಯ ಬದಲು ಮಾಹಿತಿ ಕೊಟ್ಟರೆ ಸಾಕು ಅನ್ನಬೇಕು. ಎರಡು, ಪ್ರತಿ ವಲಯದಲ್ಲೂ ಪ್ರತಿಭಟನೆಯ ಜಾಗಗಳಿರಬೇಕು, ಯಾರ ವಿರುದ್ಧ ಮಾತಾಡುತ್ತಿದ್ದೀರೋ ಅವರಿಗೆ ಕೇಳಿಸುವಷ್ಟು ಹತ್ತಿರ. ಮೂರು, ಅನುಮತಿ ನಿರಾಕರಿಸಿದರೆ ಕಾರಣ ಬರವಣಿಗೆಯಲ್ಲಿ, ಕೋರ್ಟಿಗೆ ಹೋಗಲು ಸಮಯ ಸಿಗುವಷ್ಟು ಮೊದಲೇ ಕೊಡಬೇಕು. ನಾಲ್ಕು, ನಿಷೇಧಾಜ್ಞೆ ಹೊರಡಿಸಿದ ಗಂಟೆಯಲ್ಲೇ ಅದರ ಪೂರ್ತಿ ಪ್ರತಿ, ಕಾರಣಗಳ ಸಮೇತ, ಪೊಲೀಸ್ ವೆಬ್‌ಸೈಟಿನಲ್ಲಿ ಸಿಗಬೇಕು.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಆಂಬುಲೆನ್ಸಿಗೆ ಒಂದು ಲೇನ್ ಬಿಡುವುದು, ಸ್ವಯಂಸೇವಕರನ್ನು ನಿಲ್ಲಿಸುವುದು, ಕಲ್ಲು ಎತ್ತುವವನನ್ನು ನಾವೇ ತಡೆಯುವುದು. ಎಲ್ಲಕ್ಕಿಂತ ಮೊದಲು, ನಾವು ಇವತ್ತು ಮಾಡುತ್ತಿರುವುದು ಸಭೆಯೋ, ಕಾನೂನುಭಂಗವೋ ಅಂತ ಬಂದವರಿಗೆಲ್ಲ ಪ್ರಾಮಾಣಿಕವಾಗಿ ಹೇಳುವುದು. ಹತ್ತೊಂಬತ್ತರ ಹುಡುಗಿಗೆ ಏನೂ ಹೇಳದೆ ರಸ್ತೆಯಲ್ಲಿ ಕೂರಿಸಿ, ವ್ಯಾನ್ ಬಂದಾಗ ನಾಯಕರು ಬೇರೆ ಗೇಟಿನಿಂದ ಹೊರಟುಹೋದದ್ದನ್ನು ನಾನು ನೋಡಿದ್ದೇನೆ. ಕಾಗೋಡಿನವರು ಹಾಗೆ ಮಾಡಲಿಲ್ಲ.

ನನ್ನ ತಂಗಿ ಮತ್ತು ಅವಳ ಗೆಳತಿಯರು ಕೊನೆಗೆ ಫ್ರೀಡಂ ಪಾರ್ಕಿಗೇ ಹೋದರು. ಅನುಮತಿ ಸಿಕ್ಕಿತು. ಯಾವ ತೊಂದರೆಯೂ ಆಗಲಿಲ್ಲ. ಸಂಜೆ ಫೋನ್ ಮಾಡಿ, "ಹೇಗಾಯ್ತು?" ಅಂದೆ.

"ಚೆನ್ನಾಗಾಯ್ತು ಅಣ್ಣ" ಅಂದಳು. "ಪಕ್ಕದಲ್ಲಿ ಬಿಸಿಯೂಟದ ಅಮ್ಮಂದಿರು ಧರಣಿ ಕೂತಿದ್ರು, ಅವರು ನಮ್ಮ ಬೋರ್ಡ್ ಓದಿದ್ರು. ಡ್ಯೂಟಿಲಿದ್ದ ಪೊಲೀಸ್ನೋರು ಓದಿದ್ರು. ಇನ್ಯಾರೂ ಓದ್ಲಿಲ್ಲ."